ಎಲ್ ಅಂದರೆ ಎಡಕ್ಕಲ್ಲ

"ಆ ಕಂಬಕ್ಕೆ ಕುಂಚ ತಾಗಿಸಿ ನೋಡು, ಐದೂ ಬೆರಳು ಮುರೀತೀನಿ!"

ಹೀಗೆ ಕೂಗಿದವಳು ನನ್ನ ಅಕ್ಕ ಹುಲ್ಡಾ. ಅವಳ ಒಂದು ಕೈಯಲ್ಲಿ ಲಟ್ಟಣಿಗೆ ಇತ್ತು, ಮೊಣಕೈವರೆಗೆ ಹಿಟ್ಟು ಮೆತ್ತಿತ್ತು. ಬೈಸಿಕೊಂಡವನು ನಾನು, ಆರ್ನೋ. ನನ್ನ ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ. ನಮ್ಮಿಬ್ಬರ ನಡುವೆ ಒಂದು ಟೆಲಿಫೋನ್ ಕಂಬ. ಕಂಬದ ಮೇಲೆ ಕೆಂಪು ಪಟ್ಟಿ, ಬಿಳಿ ಪಟ್ಟಿ, ನೀಲಿ ಪಟ್ಟಿ, ಬಿಳಿಯ ನಡುವೆ ಗೇಣುದ್ದದ ನೀಲಿ ಎಲ್ ಅಕ್ಷರ. ಹನ್ನೆರಡು ವರ್ಷದ ಹಿಂದೆ ನಾನೇ ಬರೆದದ್ದು.

"ನನ್ನ ಖುಷಿಗೆ ಅಳಿಸ್ತಿದೀನಾ? ರಾಜ್ಯದಿಂದ ಆರ್ಡರ್ ಬಂದಿದೆ ಕಣಕ್ಕ."

"ಆರ್ಡರು ಬಂದು ನನ್ನ ಮೇಜಿಗೆ ಕೂತು ಪೈ ತಿನ್ನುತ್ತಾ? ಕೇಳೋ ಅವನನ್ನ!"

ಅವನು ಅಂದರೆ ರಸ್ತೆ ಇಲಾಖೆಯ ಮಿಕಲ್ಸನ್. ಪಾಪ, ಲಾರಿಗೆ ಒರಗಿ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಲಾರಿಯ ತುಂಬ ಗುರಾಣಿ ಆಕಾರದ ಹೊಸ ತಗಡುಗಳು, ಒಂದೊಂದರ ಮೇಲೂ ಮೂವತ್ತು ಅಂತ ಕಪ್ಪು ಅಂಕಿ.

"ಅಮ್ಮಾ, ದಾರಿಗಳಿಗೆ ಇನ್ನು ಹೆಸರಿಲ್ಲ, ನಂಬರು ಅಷ್ಟೆ. ಇದೊಂದೇ ಊರಿಗೆ ಅಲ್ಲ, ದೇಶಕ್ಕೆಲ್ಲ," ಅಂದ ಮಿಕಲ್ಸನ್.

"ಹಾಗಾದ್ರೆ ದೇಶಕ್ಕೆಲ್ಲ ಹಾಕ್ಕೊಂಡು ಬನ್ನಿ. ಈ ಕಂಬ ಕೊನೇಲಿ ನೋಡೋಣ."

ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ವೆನ್ಸೆಲ್ ಕಿಸಕ್ಕನೆ ನಕ್ಕ. ಕುದುರೆ ಜೀನು, ಲಗಾಮು ಹೊಲಿಯುವವನು ಅವನು. ಕುದುರೆಗಳೇ ಹೋದ ಮೇಲೆ ಹೊಲಿಯುವುದೇನಿರುತ್ತದೆ? ನಮ್ಮ ಜಗಳಗಳೇ ಅವನಿಗೆ ಹೊತ್ತುಗಳೆಯುವ ದಾರಿ. "ನಗಬೇಡ ವೆನ್ಸೆಲ್, ನಿನ್ನ ಕಾಫಿಗೆ ಉಪ್ಪು ಹಾಕ್ತೀನಿ," ಅಂತ ಅವನಿಗೂ ಒಂದು ಬಿತ್ತು.

ಅವಳು ಹೀಗೆ ಉರಿದು ಬೀಳಲು ಕಾರಣವಿತ್ತು. ನೆಬ್ರಾಸ್ಕಾದ ನಮ್ಮ ಹ್ಯಾಸ್ಕೆಟ್ ಊರಿಗೆ ಇರುವುದು ಒಂದೇ ದೊಡ್ಡ ದಾರಿ. ನಮ್ಮ ಅಜ್ಜ ಅದನ್ನು ಬಂಡಿದಾರಿ ಅನ್ನುತ್ತಿದ್ದ. ಪಶ್ಚಿಮಕ್ಕೆ ಹೊರಟ ಬಂಡಿಗಳು ಪ್ಲಾಟ್ ನದಿ ಹಿಡಿದು ಹೋದ ದಾರಿ ಅದು. ಎತ್ತು ಸತ್ತಲ್ಲಿ, ಮಗು ಹುಟ್ಟಿದಲ್ಲಿ, ಗಂಡ ಹೆಂಡತಿ ಜಗಳವಾಡಿದಲ್ಲಿ ಒಂದೊಂದು ಸಂಸಾರ ನಿಂತುಬಿಟ್ಟಿತು. ನಮ್ಮದು ಮೂರನೆಯ ಬಗೆಯದು. ಆಮೇಲೆ ರೈಲು ಬಂತು, ದಾರಿಗೆ ಯಾರೂ ಹೆಸರು ಕೇಳದಂತಾಯಿತು. ನಾನು ಓದಿದ ಒಂದೇ ಕೋಣೆಯ ಶಾಲೆಯಲ್ಲಿ ಟೀಚರಮ್ಮ ಅದನ್ನು "ಹಳ್ಳಕ್ಕೆ ಹೋಗೋ ಕೆಸರು" ಅಂತಲೇ ಹೇಳುತ್ತಿದ್ದಳು.

ಸಾವಿರದ ಒಂಬೈನೂರ ಹದಿಮೂರನೆಯ ಇಸವಿಯಲ್ಲಿ ಆ ಕೆಸರಿಗೆ ದೊಡ್ಡ ಹೆಸರು ಬಂತು. ನ್ಯೂಯಾರ್ಕಿನಿಂದ ಸ್ಯಾನ್ ಫ್ರಾನ್ಸಿಸ್ಕೋವರೆಗೆ ಒಂದೇ ಹೆದ್ದಾರಿ ಮಾಡುತ್ತೇವೆ ಅಂತ ಕಾರು ಮಾಡುವ ದೊಡ್ಡ ಮನುಷ್ಯರು ಸಂಘ ಕಟ್ಟಿದರು. ಮೊದಲು ಅದಕ್ಕೆ 'ಕಡಲಿಂದ ಕಡಲಿಗೆ ಕಲ್ಲುದಾರಿ' ಅಂತ ಹೆಸರಿಡಲು ಹೊರಟಿದ್ದರಂತೆ. ಅಷ್ಟುದ್ದ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಎರಡು ಚಕ್ರ ಪಂಕ್ಚರಾಗುತ್ತದೆ. ಪುಣ್ಯಕ್ಕೆ ಲಿಂಕನ್ ಹೆದ್ದಾರಿ ಅಂತ ಬದಲಿಸಿದರು. ಆ ವರ್ಷ ಅಕ್ಟೋಬರ್ ಕೊನೆಯ ದಿನ ನೆಬ್ರಾಸ್ಕಾದ ಉದ್ದಕ್ಕೂ ಬೆಂಕಿ ಹಾಕಿ ಕುಣಿದೆವು. ದಾರಿ ಮಾತ್ರ ಅದೇ ಕೆಸರು. ಹೊಲದ ಅಂಚು ಹಿಡಿದು ಮೈಲಿಗೊಂದು ಮೂಲೆ ತಿರುಗುತ್ತ ಹೋಗುತ್ತಿತ್ತು.

ಪ್ರತಿ ಊರಿಗೂ ಸಂಘದ ಒಬ್ಬ ಪ್ರತಿನಿಧಿ ಬೇಕಿತ್ತು. ಹ್ಯಾಸ್ಕೆಟ್‌ಗೆ ನಾನಾದೆ. ನಾನು ಬಾವಿಯಿಂದ ನೀರೆತ್ತುವ ಗಾಳಿಯಂತ್ರ ರಿಪೇರಿ ಮಾಡುವವನು. ಏಣಿ ನನ್ನ ಹತ್ತಿರವೇ ಇದೆ, ಅದಕ್ಕೇ ಆರಿಸಿದರು. ಕೆಲಸವೆಂದರೆ ಕಂಬಗಳಿಗೆ ಪಟ್ಟಿ ಬಳಿಯುವುದು. ಮೂರು ಇಂಚು ಕೆಂಪು, ಹದಿನೈದು ಇಂಚು ಬಿಳಿ, ಮೂರು ಇಂಚು ನೀಲಿ, ಬಿಳಿಯಲ್ಲಿ ಎಲ್. ಅಳತೆ ಒಂದು ಕೂದಲಷ್ಟೂ ತಪ್ಪದಂತೆ ನಾನು ಬಳಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಸರಿ, ಸ್ವಲ್ಪ ಜಂಬಕ್ಕೇ ಹೇಳುತ್ತಿದ್ದೇನೆ.

ಹದಿನೈದರಲ್ಲಿ ಹುಲ್ಡಕ್ಕನ ಗಂಡ ಜ್ವರದಲ್ಲಿ ತೀರಿಕೊಂಡ. ಅವಳು ಒಂದು ಕಬ್ಬಿಣದ ಒಲೆ, ಒಂದು ಲಟ್ಟಣಿಗೆ ಹೊತ್ತುಕೊಂಡು ನನ್ನ ಜಾಗಕ್ಕೆ ಬಂದಳು. ನನಗೆ ಮದುವೆಯಿಲ್ಲ. ಮನೆಯ ಹಿಂದೆ ನನ್ನ ಸಾಮಾನಿನ ಕೊಟ್ಟಿಗೆ ಇತ್ತು, ಅದನ್ನು ಬಿಡಿಸಿಕೊಟ್ಟೆ. ಪೂರ್ವದಿಂದ ಬರುವವರಿಗೆ ಹೆದ್ದಾರಿಯ ಎಡಕ್ಕೆ ಒಂದು ಓಣಿ, ಓಣಿಯ ಎರಡೂ ಕಡೆ ಕಾಟನ್‌ವುಡ್ ಮರಗಳು, ನೂರೈವತ್ತು ಹೆಜ್ಜೆ ಒಳಗೆ ಆ ಕೊಟ್ಟಿಗೆ. ಅದನ್ನು ದಾಟಿದರೆ ಪೊದೆ, ಪೊದೆ ದಾಟಿದರೆ ನದಿ. ಅಲ್ಲಿ ಅವಳು ನಾಲ್ಕು ಮೇಜು ಹಾಕಿ ಊಟದ ಮನೆ ತೆರೆದಳು. ಕರಿದ ಕೋಳಿ, ಕಾಫಿ, ಹಿಟ್ಟಿನ ಹಾಳೆಯೊಳಗೆ ಹುಳಿಕೆನೆ, ಒಣದ್ರಾಕ್ಷಿ ತುಂಬಿ ಬೇಯಿಸಿದ ಪೈ. ಆ ಪೈ ತಿಂದ ಗಂಡಸರು ಮಾತು ನಿಲ್ಲಿಸುತ್ತಿದ್ದರು.

ಮೊದಲ ಹತ್ತು ದಿನ ಯಾರೂ ಬರಲಿಲ್ಲ. ಹನ್ನೊಂದನೆಯ ದಿನದಿಂದ ಕಾರುಗಳು ಬರತೊಡಗಿದವು. ಹನ್ನೆರಡು ವರ್ಷ ನಿಲ್ಲಲಿಲ್ಲ.

ಈಗ ಇಪ್ಪತ್ತೇಳರ ಜೂನ್‌ನಲ್ಲಿ ಮಿಕಲ್ಸನ್ ತಗಡು ಹೊತ್ತು ಬಂದಿದ್ದ. ಹೆಸರಿನ ದಾರಿಗಳು ಅತಿಯಾಗಿದ್ದವು ಎನ್ನುವುದು ಅವನ ಮಾತು, ಅದು ಸುಳ್ಳಲ್ಲ. ಲಿಂಕನ್ ನೋಡಿ ಪ್ರತಿ ಪೇಟೆಯೂ ಒಂದೊಂದು ದಾರಿಗೆ ಹೆಸರಿಟ್ಟು ಕಂಬಕ್ಕೆ ಬಣ್ಣ ಬಳಿದಿತ್ತು. ಕೆಲವು ಕಂಬಗಳಲ್ಲಿ ಕಾಲಿಂದ ಕುತ್ತಿಗೆವರೆಗೆ ಆರು ಬಣ್ಣ. ಅದಕ್ಕೇ ದೊಡ್ಡವರು ಕೂತು ನಂಬರು ಹಾಕಿದರು. ಪೂರ್ವ ಪಶ್ಚಿಮಕ್ಕೆ ಸರಿ ಸಂಖ್ಯೆ, ಉತ್ತರ ದಕ್ಷಿಣಕ್ಕೆ ಬೆಸ. ದೊಡ್ಡ ದಾರಿಗೆ ಕೊನೆಯಲ್ಲಿ ಸೊನ್ನೆ. ನಮ್ಮದು ಮೂವತ್ತಾಯಿತು. ಆದರೆ ಪೂರ್ತಿ ಅಲ್ಲ. ವಯೋಮಿಂಗ್‌ನಲ್ಲಿ ಮೂವತ್ತು ಒಂದು ಕಡೆ ಹೋಗುತ್ತದಂತೆ, ಲಿಂಕನ್ ಇನ್ನೊಂದು ಕಡೆ. ಒಂದೇ ಹೆಸರಿನ ದಾರಿಯನ್ನು ಕುಯ್ದು ಬೇರೆ ಬೇರೆ ನಂಬರಿಗೆ ಹಂಚಿದ್ದರು. ನನ್ನ ಹೊಟ್ಟೆಯೂ ಉರಿದಿತ್ತು. ಆದರೂ ಅಳಿಸುವ ಕೆಲಸ ಬೇರೆ ಯಾರಾದರೂ ಒರಟಾಗಿ ಮಾಡುವುದಕ್ಕಿಂತ ನಾನೇ ಮಾಡೋಣ ಅಂತ ಡಬ್ಬಿ ಹಿಡಿದು ಹೊರಟಿದ್ದೆ. ಈ ಒಂದು ಕಂಬಕ್ಕೆ ಬರುವಾಗ ಮಾತ್ರ ನನಗೂ ಕಾಲು ತಡೆದಿತ್ತು. ಯಾಕೆ ಅನ್ನುವುದು ಅಕ್ಕನಿಗೆ ಗೊತ್ತಿರಲಿಲ್ಲ.

"ನನ್ನ ಬೋರ್ಡ್ ನೋಡು," ಅಂತ ಅವಳು ಓಣಿಯ ಕಡೆ ಲಟ್ಟಣಿಗೆ ತೋರಿಸಿದಳು. "ಲಿಂಕನ್ ಊಟದ ಮನೆ. ಇನ್ನೇನು ಮೂವತ್ತರ ಊಟದ ಮನೆ ಅಂತ ಬರೀಲಾ? ಜೈಲು ಕೋಣೆ ತರಹ ಇರುತ್ತೆ!"

"ಬೋರ್ಡ್ ಯಾರು ಅಳಿಸು ಅಂದ್ರು? ಕಂಬ ಮಾತ್ರ."

"ಕಂಬದಲ್ಲಿ ಲಿಂಕನ್ ಇಲ್ಲ ಅಂದ್ಮೇಲೆ ಬೋರ್ಡಿಗೆ ಏನು ಅರ್ಥ? ಜನ ನನ್ನ ಪೈ ಹೆಸರು ಕೇಳ್ಕೊಂಡು ಓಹಾಯೋದಿಂದ ಬರ್ತಾರೆ. ಎಲ್ ಕಂಬದ ಹತ್ರ ಹುಲ್ಡಾ ಇದಾಳೆ ಅಂತ ಒಬ್ಬರಿಗೊಬ್ಬರು ಹೇಳ್ಕೊಂಡು ಬರ್ತಾರೆ. ನಿನಗೆ ಗೊತ್ತಿಲ್ಲ, ನೀನು ಗಾಳಿಯಂತ್ರದ ಮೇಲೆ ನೇತಾಡ್ತಿರ್ತೀಯ. ನಾನು ನನ್ನ ಕೈಯಿಂದ ಎಬ್ಬಿಸಿದ ವ್ಯಾಪಾರ ಇದು! ನಿನ್ನಿಂದ ಬಿಡಿಗಾಸಿನ ಸಹಾಯ ಇಲ್ಲ. ಒಂದು ಬಣ್ಣದ ಡಬ್ಬಿ ಹಿಡ್ಕೊಂಡು ಅದನ್ನೂ ಹಾಳು ಮಾಡೋಕೆ ಬಂದಿದಾನೆ, ಸೋಮಾರಿ!"

ಬಿಸಿಲು ನೆತ್ತಿಗೆ ಬಂದಿತ್ತು. ಬೆಳಗಿನಿಂದ ನಲವತ್ತು ಕಂಬ ಹತ್ತಿ ಇಳಿದಿದ್ದೆ. ಸೋಮಾರಿ ಅನ್ನುವ ಮಾತು ಕಿವಿಗೆ ಬಿದ್ದದ್ದೇ ನನ್ನ ತಲೆಯೊಳಗೆ ಏನೋ ಸಿಡಿಯಿತು.

"ಓಹಾಯೋದಿಂದ ನಿನ್ನ ಹೆಸರು ಕೇಳ್ಕೊಂಡು ಬರ್ತಾರಾ? ದಾರಿ ತಪ್ಪಿ ಬರ್ತಾರೆ ಕಣೇ! ಎಲ್ ಅಂದ್ರೆ ಲೆಫ್ಟು ಅಂದ್ಕೊಂಡು ತಿರುಗಿಸ್ತಾರೆ!"

ಮಿಕಲ್ಸನ್ ಟೋಪಿ ಹಾಕಿಕೊಂಡ. ವೆನ್ಸೆಲ್ ನಗುವುದನ್ನು ನಿಲ್ಲಿಸಿದ.

"ಏನಂದೆ?"

ಒಮ್ಮೆ ಬಾಯಿ ತೆರೆದ ಮೇಲೆ ನನಗೆ ಅರ್ಧಕ್ಕೆ ಮುಚ್ಚಿ ಅಭ್ಯಾಸವಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ. ಪೂರ್ವದ ಕಡೆಯಿಂದ ಬರುವ ಹಳದಿ ಪಟ್ಟಿಯ ದಾರಿಯಲ್ಲಿ ಬಲಕ್ಕೆ ತಿರುಗುವಲ್ಲಿ ಆರ್, ಎಡಕ್ಕೆ ತಿರುಗುವಲ್ಲಿ ಎಲ್ ಬರೆದಿರುತ್ತಾರೆ. ಅದನ್ನು ಅಭ್ಯಾಸ ಮಾಡಿಕೊಂಡವರು ಲಿಂಕನ್ನಿನ ಎಲ್ ಕಂಡರೂ ಎಡಕ್ಕೆ ತಿರುಗಿಸುತ್ತಾರೆ. ಬೇರೆ ಊರಿನಲ್ಲಿ ಒಬ್ಬ ಹಾಗೆ ತಿರುಗಿಸಿ ನೇರ ಹಂದಿಗೂಡಿಗೆ ನುಗ್ಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಹ್ಯಾಸ್ಕೆಟ್‌ನಲ್ಲಿ ಎಲ್ ಬರೆಯಬೇಕಾದ ಕಂಬ ಓಣಿಯ ಬಾಯಲ್ಲಿರುವುದಲ್ಲ. ಒಂದು ಕಂಬ ಮುಂದೆ, ವೆನ್ಸೆಲ್ ಅಂಗಡಿಯ ಎದುರಿನದು. ಅಕ್ಕ ಬಂದ ಹತ್ತನೆಯ ದಿನ, ಅವಳು ತಿನ್ನುವವರಿಲ್ಲದ ಪೈಯನ್ನು ಹಂದಿಗೆ ಸುರಿಯುವುದನ್ನು ನೋಡಿ, ನಾನು ಒಂದು ಕಂಬ ಹಿಂದೆ ಬಂದು ಅಳತೆಗಿಂತ ದೊಡ್ಡದಾಗಿ ಎಲ್ ಬರೆದೆ. ನನ್ನ ಪ್ರತಿನಿಧಿ ಕೆಲಸದಲ್ಲಿ ಮಾಡಿದ ಒಂದೇ ಮೋಸ ಅದು.

"ಅವರು ಊಟಕ್ಕೆಂದೇ ತಿರುಗಿಸಿದ್ವಿ ಅಂತಿದ್ರಲ್ಲೋ," ಅಂದಳು ಅಕ್ಕ. ದನಿ ಸಣ್ಣದಾಗಿತ್ತು.

"ದಾರಿ ತಪ್ಪಿದೆ ಅಂತ ಯಾವ ಗಂಡಸು ಹೆಂಡತಿ ಎದುರಿಗೆ ಒಪ್ಕೊಳ್ತಾನೆ? ಓಣಿ ಕೊನೇಲಿ ಊಟದ ಮನೆ ಕಂಡ್ರೆ ಅವನಿಗೆ ಜೀವ ಬಂದ ಹಾಗಾಗುತ್ತೆ. ಊಟಕ್ಕೇ ಬಂದೆ ಅಂತಾನೆ. ತಿಂದು, ಕಾರು ತಿರುಗಿಸಿ, ಹೋಗ್ತಾನೆ."

ಅವಳು ವೆನ್ಸೆಲ್ ಕಡೆ ತಿರುಗಿದಳು. "ನಿನಗೂ ಗೊತ್ತಿತ್ತಾ?"

ವೆನ್ಸೆಲ್ ತನ್ನ ಬೂಟನ್ನು ನೋಡಿಕೊಂಡ. "ಊರಿಗೆಲ್ಲ ಗೊತ್ತು ಹುಲ್ಡಾ. ಒಂದು ಮಾತು ಹೇಳ್ತೀನಿ, ಹನ್ನೆರಡು ವರ್ಷದಿಂದ ಬೇಕಂತಲೇ ಬರೋನು ನಾನೊಬ್ಬನೇ."

ನಾನು ಲಟ್ಟಣಿಗೆಯ ಏಟಿಗೆ ತಯಾರಾಗಿ ನಿಂತೆ. ಅವಳು ಹೊಡೆಯಲಿಲ್ಲ. ನನ್ನ ಕೈಯಿಂದ ಕುಂಚ ಕಿತ್ತುಕೊಂಡು, ಡಬ್ಬಿಗೆ ಅದ್ದಿ, ಎಲ್ ಅಕ್ಷರದ ಮೇಲೆ ಪಟಪಟನೆ ಬಳಿದಳು. ಅಡ್ಡಾದಿಡ್ಡಿ ಬಳಿದಳು. ಬಿಳಿ ಬಣ್ಣ ಕೆಂಪಿಗೆ ಸೋರಿತು.

"ಅಕ್ಕ, ನಿಲ್ಲು. ಮಿಕಲ್ಸನ್ ಈ ಒಂದು ಕಂಬ ಬಿಟ್ಟುಬಿಡ್ತಾರೆ, ನಾನು ಕೇಳ್ತೀನಿ. ಬಿಡ್ತೀರಲ್ವಾ ಮಿಕಲ್ಸನ್?"

"ಯಾರೂ ಬಿಡೋದು ಬೇಡ," ಅಂದಳು. "ಐದು ನಿಮಿಷದ ಹಿಂದೆ ನೀನು ಅಳಿಸ್ತೀನಿ ಅಂದೆ, ನಾನು ಬೇಡ ಅಂದೆ. ಈಗ ಅಳಿಸೋಳು ನಾನು. ನೋಡೇಬಿಡೋಣ. ನನ್ನ ಪೈಗೆ ಯಾರಾದ್ರೂ ಒಬ್ಬ ಬರ್ತಾನೋ ಇಲ್ವೋ, ಕಣ್ಣಾರೆ ನೋಡೋಣ. ಮೂರು ದಿನ. ಬೇಕಂತ ಬರೋನು ಒಬ್ಬ ಬಂದ್ರೂ ಸಾಕು, ಇಲ್ಲೇ ಇರ್ತೀನಿ. ಬರದಿದ್ರೆ ಒಲೆ ಆರಿಸ್ತೀನಿ."

"ನಾನು ಬರ್ತೀನಲ್ಲ," ಅಂದ ವೆನ್ಸೆಲ್.

"ನೀನು ಲೆಕ್ಕಕ್ಕಿಲ್ಲ. ನಿನಗೆ ಬೇರೆ ಕೆಲಸವಿಲ್ಲ."

ಮಿಕಲ್ಸನ್ ಮೂವತ್ತರ ತಗಡನ್ನು ಸರಿಯಾದ ಜಾಗದಲ್ಲೇ ಕೂರಿಸಿದ, ಒಂದು ಕಂಬ ಮುಂದೆ, ವೆನ್ಸೆಲ್ ಅಂಗಡಿಯ ದೊಡ್ಡ ಕಿಟಕಿಯ ಎದುರಿಗೆ. ಮೊಳೆ ಹೊಡೆದು, ಅಕ್ಕನ ಕಡೆ ನೋಡದೆ ಲಾರಿ ಹತ್ತಿ ಹೋದ.

ಮರುದಿನ ಅವಳು ಏಳು ಪೈ ಮಾಡಿದಳು. ಯಾವಾಗಲೂ ಮಾಡುವುದು ಐದು. ಅಂಗಳ ಗುಡಿಸಿ, ಮೇಜಿಗೆ ಚೌಕಳಿ ಬಟ್ಟೆ ಹಾಸಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಳು. ನಾನು ಎದುರಿಗೇ ನಮ್ಮ ಗಾಳಿಯಂತ್ರ ಹತ್ತಿ ಗ್ರೀಸ್ ಹಚ್ಚುವ ನೆಪ ಮಾಡಿದೆ. ಮೇಲಿಂದ ರಸ್ತೆ ಚೆನ್ನಾಗಿ ಕಾಣುತ್ತದೆ. ಪೂರ್ವದಿಂದ ಧೂಳು ಎದ್ದರೆ ಒಂದು ಕಾರು. ಬರುತ್ತದೆ, ಓಣಿಯ ಬಾಯಿ ಸಮೀಪಿಸುತ್ತದೆ, ನಾನು ಗ್ರೀಸ್ ಬಿಟ್ಟು ಬಗ್ಗಿ ನೋಡುತ್ತೇನೆ, ಮೂವತ್ತರ ತಗಡು ನೋಡಿ ಕಾರು ಖುಷಿಯಿಂದ ನೇರ ಹೋಗಿಬಿಡುತ್ತದೆ. ಅಷ್ಟು ಸ್ಪಷ್ಟವಾದ ತಗಡನ್ನು ನಾನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ಕುರುಡನಿಗೂ ಅರ್ಥವಾಗುವ ಹಾಗಿತ್ತು. ವೆನ್ಸೆಲ್ ಒಂದು ಚರ್ಮದ ತುಂಡಿಗೆ ಉಳಿಯಿಂದ ಗೀರು ಹಾಕುತ್ತ ಲೆಕ್ಕ ಇಟ್ಟ. ಮೂವತ್ತೆಂಟು ಕಾರು ಹೋದವು. ಒಂದೂ ತಿರುಗಲಿಲ್ಲ.

ಸಂಜೆ ಅವಳು ಎರಡು ಪೈಯನ್ನು ಪಾದ್ರಿಗೆ ಕಳಿಸಿದಳು, ಒಂದನ್ನು ವೆನ್ಸೆಲ್ ತಿಂದ, ಉಳಿದದ್ದು ನಮ್ಮ ಮೇಜಿಗೆ ಬಂತು. ನಾನು ನಾಲ್ಕು ತುಂಡು ತಿಂದೆ. ಅವಳು ಒಂದು ಮಾತೂ ಆಡಲಿಲ್ಲ. ಹುಲ್ಡಕ್ಕ ಬೈದರೆ ನನಗೆ ನಿದ್ದೆ ಬರುತ್ತದೆ. ಸುಮ್ಮನಿದ್ದರೆ ಅಜೀರ್ಣವಾಗುತ್ತದೆ.

ಎರಡನೆಯ ದಿನ ಮಧ್ಯಾಹ್ನ ಒಂದು ಗಾಡಿ ಓಣಿಗೆ ತಿರುಗಿತು. ಅಕ್ಕ ಕುರ್ಚಿಯಿಂದ ಜಿಗಿದು ಎದ್ದಳು, ಏಪ್ರನ್ ಸರಿ ಮಾಡಿಕೊಂಡಳು. ಬಂದದ್ದು ಮಿಕಲ್ಸನ್‌ನ ಲಾರಿ.

"ಮೊನ್ನೆ ವಾಸನೆ ಬಂತು," ಅಂದ ಅವನು ನಾಚುತ್ತ. "ದಾರಿಯುದ್ದಕ್ಕೂ ತಲೆಯಿಂದ ಹೋಗಲಿಲ್ಲ."

ಎರಡು ತುಂಡು ತಿಂದ. ಆದರೂ ಅಕ್ಕನ ಮುಖ ಅರಳಲಿಲ್ಲ. "ನೀವೂ ಲೆಕ್ಕಕ್ಕಿಲ್ಲ. ಪಾಪಪ್ರಜ್ಞೆಯಿಂದ ಬಂದಿದೀರಾ."

"ಇಲ್ಲಮ್ಮ, ಹಸಿವಿಂದ ಬಂದಿದೀನಿ."

"ಎರಡೂ ಇರಬಹುದು," ಅಂತ ಅವಳು ತಟ್ಟೆ ತೆಗೆದಳು.

ಹೊರಡುವಾಗ ಮಿಕಲ್ಸನ್ ನನ್ನನ್ನು ಪಕ್ಕಕ್ಕೆ ಕರೆದ. "ನಾನು ಓಮಾಹಾದಿಂದ ಇಲ್ಲಿವರೆಗೆ ತಗಡು ಹೊಡೆದಿದೀನಿ. ಒಬ್ಬರೂ ನನಗೆ ಪೈ ಕೊಟ್ಟಿಲ್ಲ, ಬೈಗುಳ ಮಾತ್ರ. ನಿಮ್ಮಕ್ಕ ಎರಡೂ ಕೊಟ್ಟರು. ಏನಾದರೂ ಮಾಡಪ್ಪಾ," ಅಂದ.

ಏನಾದರೂ ಮಾಡು ಅಂದರೆ ನನಗೆ ತಿಳಿದದ್ದು ಒಂದೇ ಕೆಲಸ.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಒಲೆಗೆ ಕಟ್ಟಿಗೆ ತುಂಬುತ್ತಿದ್ದಾಗ ನಾನು ಹೆದ್ದಾರಿಗೆ ಹೋದೆ. ಟೆಲಿಫೋನ್ ಕಂಬವನ್ನು ಮುಟ್ಟಲಿಲ್ಲ, ದೇವರಾಣೆ. ಓಣಿಯ ಬಾಯಲ್ಲಿ ನಮ್ಮ ಬೇಲಿಯ ಮೂಲೆಗಲ್ಲು ಇದೆ. ಅದು ನನ್ನದು, ಸರ್ಕಾರದ್ದಲ್ಲ. ಅದರ ಮೇಲೆ ಚಿಕ್ಕದಾಗಿ, ಬಹಳ ಚಿಕ್ಕದಾಗಿ, ಒಂದು ನೀಲಿ ಎಲ್ ಬರೆದೆ. ಪಟ್ಟಿಗಿಟ್ಟಿ ಏನೂ ಇಲ್ಲ. ಅಂದ ಕೆಟ್ಟಿತ್ತು, ಆದರೆ ಅವಸರ ಇತ್ತು.

ಹತ್ತು ಗಂಟೆಗೆ ಒಂದು ಧೂಳು ಹಿಡಿದ ಕಪ್ಪು ಫೋರ್ಡ್ ನಿಧಾನಿಸಿತು, ನಿಂತಿತು, ಓಣಿಗೆ ತಿರುಗಿತು.

ಅಕ್ಕ ಈ ಸಲ ಎದ್ದು ಓಡಲಿಲ್ಲ. ಬಾಗಿಲಲ್ಲಿ ನಿಂತು ಕಾರಿನ ನಂಬರ್ ತಗಡು ನೋಡಿದಳು. ಓಹಾಯೋ. ಅವಳ ಮುಖದಲ್ಲಿ ನಗು ನಿಧಾನಕ್ಕೆ ಹರಡಿತು, ಹನ್ನೆರಡು ವರ್ಷ ಕಿರಿಯಳಾದ ಹಾಗೆ. ನನಗೆ ಬಹಳ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಕಾರಿನಿಂದ ಒಬ್ಬ ತೆಳ್ಳಗಿನ ಗಂಡಸು ಇಳಿದ, ಅವನ ದಪ್ಪ ಹೆಂಡತಿ ಇಳಿದಳು.

"ಬನ್ನಿ ಬನ್ನಿ," ಅಂದಳು ಅಕ್ಕ. "ದಾರಿ ತಪ್ಪಿದಿರೋ, ಊಟಕ್ಕೆ ಬಂದಿರೋ?"

"ಊಟಕ್ಕೇ ಬಂದದ್ದು ಅಮ್ಮಾ," ಅಂದ ಅವನು, ಎದೆ ಸೆಟೆಸಿ. "ಊಟಕ್ಕೆಂದೇ ತಿರುಗಿಸಿದೆ."

ಅಕ್ಕ ನನ್ನ ಕಡೆ ಒಂದು ನೋಟ ನೋಡಿದಳು. ಗೆದ್ದವರ ನೋಟ. ನಾನು ತಲೆ ತಗ್ಗಿಸಿದೆ. ಸೋತವನ ಹಾಗೆ ಕಾಣಲಿ ಅಂತ. ಅವಳು ಅವರಿಗೆ ಕೋಳಿ ಬಡಿಸಿದಳು, ಪೈಯ ದೊಡ್ಡ ತುಂಡು ಕೊಯ್ದು ಕೊಟ್ಟಳು. ಗಂಡಸು ಮಾತು ನಿಲ್ಲಿಸಿದ. ಹೆಂಡತಿ ಮಾತು ನಿಲ್ಲಿಸುವ ಜಾತಿಯವಳಲ್ಲ.

"ಅಯ್ಯೋ ತಾಯಿ, ಎಂಥ ಪೈ ಇದು! ಇಷ್ಟು ಒಳ್ಳೇ ಪೈ ಮಾಡ್ಕೊಂಡು ಈ ಮರಗಳ ಹಿಂದೆ ಯಾಕೆ ಬಚ್ಚಿಟ್ಟುಕೊಂಡು ಕೂತಿದೀರಾ? ರಸ್ತೆಯಿಂದ ಒಂದು ಹೊಗೆಯೂ ಕಾಣಲ್ಲ. ನಮಗಂತೂ ಇಲ್ಲಿ ಊಟದ ಮನೆ ಇದೆ ಅಂತ ಕನಸಲ್ಲೂ ಗೊತ್ತಿರಲಿಲ್ಲ."

"ಗೊತ್ತಿರಲಿಲ್ವಾ?" ಅಂದಳು ಅಕ್ಕ.

"ಎಲ್ಲಿಂದ ಗೊತ್ತಾಗಬೇಕು? ನಮ್ಮ ಯಜಮಾನರು ಕಲ್ಲಿನ ಮೇಲೆ ಎಲ್ ನೋಡಿದ್ರು. ಎಡಕ್ಕೆ ಅಂತ ಬರೆದಿದೆ ಅಂದ್ರು. ಬೇಡ ರೀ, ಮೂವತ್ತು ನೇರ ಹೋಗುತ್ತೆ ಅಂದೆ. ನನ್ನ ಮಾತು ಯಾರು ಕೇಳ್ತಾರೆ?"

ಗಂಡ ಪೈಯೊಳಗೆ ಮುಖ ಹುದುಗಿಸಿಕೊಂಡ.

ಅಕ್ಕ ಓಣಿಯುದ್ದಕ್ಕೂ ನಡೆದುಹೋದಳು. ನಾನು ಅಲ್ಲೇ ನಿಂತೆ. ಹಿಂದೆ ಹೋಗಲು ಧೈರ್ಯ ಸಾಲಲಿಲ್ಲ. ಅವಳು ಮೂಲೆಗಲ್ಲಿನ ಎದುರು ಬಗ್ಗಿದಳು, ಬೆರಳಿಟ್ಟು ನೋಡಿದಳು. ಹಸಿ ಬಣ್ಣ. ವಾಪಸ್ ಬಂದು ನನ್ನ ಬಲಗೈ ಹಿಡಿದು ಎತ್ತಿದಳು. ನನ್ನ ಹೆಬ್ಬೆರಳು ನೀಲಿ, ಅವಳ ತೋರುಬೆರಳೂ ನೀಲಿ.

ನಾನು ಮೊದಲೇ ಕೂಗಿದೆ. ತಪ್ಪು ಮಾಡಿದಾಗ ಮೊದಲು ಕೂಗುವುದು ನನ್ನ ಅಭ್ಯಾಸ. "ಹೌದು, ಬರೆದೆ! ಮತ್ತೇನು ಮಾಡ್ಬೇಕಿತ್ತು? ನೀನು ಒಲೆ ಆರಿಸೋದು ನೋಡ್ಕೊಂಡು ಕೂರಬೇಕಿತ್ತಾ? ಒಡಹುಟ್ಟಿದವನು ಅಂತ ಮಾಡಿದೆ!"

ಅವಳು ಕೂಗಲಿಲ್ಲ. "ಹನ್ನೆರಡು ವರ್ಷ ಆರ್ನೋ," ಅಂದಳು. "ನನ್ನ ಪೈ ಸಾಲದು ಅಂತ ಅಂದ್ಕೊಂಡೆ ನೀನು. ಮೊದಲನೇ ಸಲ ಮಾಡಿದ್ದು ಬಿಡು, ನಾನು ಹೊಸಬಳು, ನೀನು ನನ್ನ ಕಣ್ಣೀರು ನೋಡಿದ್ದೆ. ಇವತ್ತೂ ಹಾಗೇ ಅಂದ್ಕೊಂಡೆಯಲ್ಲ."

"ಸಾಲದು ಅಂತಲ್ಲ ಅಕ್ಕ…"

"ಸಾಲುತ್ತೆ. ಆ ಹೆಂಗಸು ಏನಂದಳು ಕೇಳಿದೆಯಾ? ಪೈ ಚೆನ್ನಾಗಿದೆ, ಮರ ಅಡ್ಡ ಅಂದಳು. ಮರ ಯಾರದು? ಓಣಿ ಯಾರದು? ಕೊಟ್ಟಿಗೆ ಯಾರದು? ನಿನ್ನದು. ನಾನು ನಿನ್ನ ಮರದ ಹಿಂದೆ, ನಿನ್ನ ಅಕ್ಷರದ ಹಿಂದೆ ಕೂತಿದ್ದೆ."

"ಹಾಗಾದ್ರೆ ಮರ ಕಡೀತೀನಿ! ನಾಳೆನೇ ಕಡೀತೀನಿ!"

"ಬೇಡ. ನೆರಳು ಚೆನ್ನಾಗಿದೆ. ನೀನು ಕೂತ್ಕೋ."

ಅವಳು ಒಳಗೆ ಹೋಗಿ ಒಲೆಯ ಬಾಯಿ ಮುಚ್ಚಿದಳು. ಉಳಿದ ನಾಲ್ಕು ಪೈಯನ್ನು ಎರಡು ತಟ್ಟೆಯಲ್ಲಿ ಜೋಡಿಸಿ, ಮೇಲೆ ಚೌಕಳಿ ಬಟ್ಟೆ ಮುಚ್ಚಿದಳು. ಓಹಾಯೋದ ಹೆಂಗಸು ಎದ್ದು ನಿಂತು, "ನಾವು ಏನಾದ್ರೂ ತಪ್ಪು ಮಾತಾಡಿದ್ವಾ?" ಅಂತ ಕೇಳಿದಳು.

"ಇಲ್ಲ ತಾಯಿ. ಹನ್ನೆರಡು ವರ್ಷದಲ್ಲಿ ಸರಿ ಮಾತಾಡಿದೋರು ನೀವೊಬ್ಬರೇ. ಕಾಫಿ ಇದೆ, ಹಾಕ್ಕೊಳ್ಳಿ."

ಹೊಸಿಲು ದಾಟಿದಳು. ನಾನು ಅವಳ ಹಿಂದೆ ನಾಲ್ಕು ಹೆಜ್ಜೆ ಹೋದೆ.

"ಎಲ್ಲಿಗೆ ಹೊರಟೆ? ಒಲೆ ಇಲ್ಲಿದೆ, ಮೇಜು ಇಲ್ಲಿದೆ. ಪೈ ಹೊತ್ಕೊಂಡು ರಸ್ತೇಲಿ ನಿಂತ್ಕೊಳ್ತೀಯಾ?"

"ವೆನ್ಸೆಲ್ ಅಂಗಡೀಲಿ ಕಿಟಕಿ ಇದೆ. ದೊಡ್ಡ ಕಿಟಕಿ. ಎದುರಿಗೇ ಮೂವತ್ತು ಅಂತ ತಗಡಿದೆ. ಜನ ಅದನ್ನ ನೋಡೋಕೆ ನಿಧಾನ ಮಾಡ್ತಾರೆ."

"ಅಲ್ಲಿ ಚರ್ಮದ ವಾಸನೆ!"

"ಒಂದು ವಾರ ಒಣದ್ರಾಕ್ಷಿ ಬೇಯಿಸಿದ್ರೆ ಹೋಗುತ್ತೆ."

ಅವಳು ಓಣಿಯಲ್ಲಿ ನಡೆಯುತ್ತ ಹೋದಳು. ಎರಡೂ ಕೈಯಲ್ಲಿ ತಟ್ಟೆ, ಬೆನ್ನು ನೆಟ್ಟಗೆ. ಮರದ ನೆರಳು ಒಂದೊಂದಾಗಿ ಅವಳ ಮೇಲಿಂದ ದಾಟಿತು. ಅವಳು ಹೊರಗೆ ಬಿಸಿಲಿಗೆ ಬಂದಾಗ ವೆನ್ಸೆಲ್ ಮೆಟ್ಟಿಲಿನಿಂದ ಎದ್ದ. ಒಳಗೆ ಹೋಗಿ ಕಿಟಕಿಯ ಬಾಗಿಲನ್ನು ಎರಡೂ ಕಡೆಗೆ ತಳ್ಳಿದ. ಅದು ತೆರೆದು ವರ್ಷಗಳಾಗಿತ್ತು, ಕಿರ್ರೆಂದು ಊರಿಗೆಲ್ಲ ಕೇಳಿಸಿತು.

ನಾನು ಕೊಟ್ಟಿಗೆಗೆ ತಿರುಗಿದೆ. ಮೇಜಿನ ಮೇಲೆ, ಹಿಟ್ಟಿನ ನಡುವೆ, ಅವಳ ಲಟ್ಟಣಿಗೆ ಬಿದ್ದಿತ್ತು. ಅಮ್ಮನಿಂದ ಬಂದದ್ದು. ಅದಿಲ್ಲದೆ ಅವಳು ಒಂದು ದಿನವೂ ಇದ್ದವಳಲ್ಲ. ನನಗೆ ಜೀವ ಬಂದ ಹಾಗಾಯಿತು. ಅದನ್ನು ಎತ್ತಿ ಹಿಡಿದುಕೊಂಡು ಓಣಿಯ ನಡುವಿಗೆ ಓಡಿದೆ.

"ಅಕ್ಕ! ಲಟ್ಟಣಿಗೆ ಬಿಟ್ಟು ಹೋಗಿದೀಯ! ಬಂದು ತಗೊಂಡು ಹೋಗು!"

ಅವಳು ತಿರುಗಿ ನೋಡಲಿಲ್ಲ. "ಇಟ್ಕೋ! ವೆನ್ಸೆಲ್ ಹತ್ರ ಚರ್ಮ ಉರುಳಿಸೋ ದೊಣ್ಣೆ ಇದೆ, ತೊಳೆದು ಬಳಸ್ತೀನಿ!"

ಪೂರ್ವದಿಂದ ಧೂಳು ಎದ್ದಿತ್ತು. ಒಂದು ಹಸಿರು ಕಾರು ಬಂತು, ಮೂವತ್ತರ ತಗಡಿನ ಹತ್ತಿರ ನಿಧಾನಿಸಿತು. ಕಿಟಕಿಯಲ್ಲಿ ಚೌಕಳಿ ಬಟ್ಟೆ ಸರಿಯಿತು. ಕಾರು ನಿಂತಿತು.

ನಾನು ಲಟ್ಟಣಿಗೆ ಹಿಡಿದುಕೊಂಡು ಕೊಟ್ಟಿಗೆಗೆ ಮರಳಿ, ಓಹಾಯೋದವರು ಕಾಫಿ ಮುಗಿಸಿ, ಕಾರು ತಿರುಗಿಸಿಕೊಂಡು ಹೋಗುವವರೆಗೂ ಬಾಗಿಲಲ್ಲೇ ಕಾದೆ. ಒಲೆ ತಣ್ಣಗಾಯಿತು. ಅವಳು ಬರಲಿಲ್ಲ.